ರೇಸ್ ಕೊಟ್ಟಾಗ ತಡವರಿಸುವ ಎಂಜಿನ್

ಕಬ್ಬು ಕಡಿಯುವ ಹಂಗಾಮು. ಘಟಪ್ರಭಾದಿಂದ ಗೋಕಾಕಕ್ಕೆ ಬರುವ ರಸ್ತೆಯಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೊರಟಿದೆ. ಹೊರೆ ಎರಡೂ ಬದಿಗೆ ಚಾಚಿದೆ. ಅದರ ಬೆನ್ನಿಗೆ ಟರ್ಬೊ ಪೆಟ್ರೋಲ್ ಎಂಜಿನ್ನಿನ ಕಾರು. ಎರಡನೇ ಗೇರು, ಆರ್‌ಪಿಎಂ ಮುಳ್ಳು 1,300ರ ಆಸುಪಾಸು. ಎದುರಿನ ದಾರಿ ತೆರವಾಯಿತೆಂದು ಚಾಲಕ ಬಲಕ್ಕೆ ಹೊರಳಿ ಎಕ್ಸಲರೇಟರ್ ಒತ್ತುತ್ತಾನೆ. ಕಾರು ಕೂಡಲೇ ಎಳೆಯುವುದಿಲ್ಲ. ಉಸಿರು ಕಟ್ಟಿದಂತೆ ಒಂದು ಗಳಿಗೆ ನಿಂತು, ಒಮ್ಮೆ ಜಗ್ಗಿ, ಮುಳ್ಳು 2,000 ದಾಟಿದ ಮೇಲೆ ತಟ್ಟನೆ ನುಗ್ಗುತ್ತದೆ. ಅಷ್ಟರಲ್ಲಿ ಎದುರಿಗೆ ಬಸ್ಸು ಕಾಣಿಸಿಕೊಂಡಿರುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಈ ದೂರನ್ನು ಹೇಳುವ ಮಾತು ಹಲವು. ‘ಪಿಕಪ್ ಇಲ್ರಿ’ ಎನ್ನುವವರಿದ್ದಾರೆ. ‘ರೇಸ್ ಕೊಟ್ರ ಒಂದ್ ಗಳಿಗಿ ನಿಂತು ಆಮ್ಯಾಲ ಎಳೀತೈತ್ರಿ’ ಎಂದು ಬಿಡಿಸಿ ಹೇಳುವವರೂ ಇದ್ದಾರೆ. ಈ ಎರಡನೇ ಮಾತಿನಲ್ಲಿ ಅರ್ಧ ರೋಗನಿರ್ಣಯವೇ ಅಡಗಿದೆ: ಎಂಜಿನ್ನಿಗೆ ಶಕ್ತಿ ಇದೆ, ಅದು ಬರುವುದು ತಡವಾಗುತ್ತಿದೆ. ಆದರೂ ಬಹಳ ಸಲ ಪ್ಲಗ್, ಕಾಯಿಲ್, ಥ್ರಾಟಲ್ ಬಾಡಿ, ಪೆಟ್ರೋಲ್ ಪಂಪ್ ಎಂದು ಒಂದೊಂದೇ ಭಾಗ ಬದಲಾಗುತ್ತ ಹೋಗುತ್ತದೆ. ಸಾವಿರಗಳು ಖರ್ಚಾದ ಮೇಲೆ ದೋಷ ಸಿಗುವುದು ಬಿರುಕು ಬಿಟ್ಟ ರಬ್ಬರ್ ಪೈಪಿನಲ್ಲಿ.

ಯಾವುದು ದೋಷ, ಯಾವುದು ಸ್ವಭಾವ

ಒತ್ತಿದ ತಕ್ಷಣ ಓಡದ ಕಾರೆಲ್ಲ ಕೆಟ್ಟ ಕಾರಲ್ಲ. ಟರ್ಬೊ ಎಂಜಿನ್ನಿಗೆ ಹುಟ್ಟಿನಿಂದಲೇ ಒಂದು ವಿಳಂಬವಿದೆ. ಹೊರಹೋಗುವ ಹೊಗೆಯ ರಭಸದಿಂದ ಟರ್ಬೊದ ಚಕ್ರ ತಿರುಗಬೇಕು, ಅದು ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಬೇಕು. ಕಡಿಮೆ ಆರ್‌ಪಿಎಂನಲ್ಲಿ ಹೊಗೆಯೇ ಕಡಿಮೆ. ಹ್ಯುಂಡೈ ಐ20 ಎನ್ ಲೈನ್ ಕಾರಿನ 1 ಲೀಟರ್ ಎಂಜಿನ್ ತನ್ನ ಪೂರ್ಣ ಎಳೆತ 172 ನ್ಯೂಟನ್ ಮೀಟರನ್ನು ಕೊಡತೊಡಗುವುದು 1,500 ಆರ್‌ಪಿಎಂನಿಂದ. ಫೋಕ್ಸ್‌ವ್ಯಾಗನ್ ವರ್ಟಸ್‌ನ 1.5 ಲೀಟರ್ ಎಂಜಿನ್ನಿನ 250 ನ್ಯೂಟನ್ ಮೀಟರ್ ಸಿಗುವುದು 1,600ರಿಂದ. ಅದಕ್ಕಿಂತ ಕೆಳಗೆ ಇವು ಸಣ್ಣ ಎಂಜಿನ್ನುಗಳಂತೆಯೇ ನಡೆಯುತ್ತವೆ.

ದೋಷವನ್ನೂ ಈ ಸ್ವಭಾವವನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಟರ್ಬೊ ವಿಳಂಬ ನುಣುಪಾಗಿರುತ್ತದೆ: ಎಳೆತ ನಿಧಾನವಾಗಿ ಏರುತ್ತದೆ, ಪ್ರತಿ ಸಲವೂ ಒಂದೇ ರೀತಿ ಏರುತ್ತದೆ, ಕಾರು ಹೊಸದಿದ್ದಾಗಲೂ ಹಾಗೆಯೇ ಇತ್ತು. ದೋಷದ ತಡವರಿಕೆಯಲ್ಲಿ ಎಳೆತ ಒಮ್ಮೆ ಕುಸಿಯುತ್ತದೆ, ಕಾರು ಜಗ್ಗುತ್ತದೆ. ಇಂದು ಬಂದದ್ದು ನಾಳೆ ಬಾರದಿರಬಹುದು. ಬೆಳಿಗ್ಗೆ ಇದ್ದದ್ದು ಮಧ್ಯಾಹ್ನ ಇಲ್ಲವಾಗಬಹುದು. ಅದಕ್ಕೊಂದು ಆರಂಭದ ದಿನ ಇರುತ್ತದೆ.

ಗೇರಿನ ತಪ್ಪನ್ನೂ ಎಂಜಿನ್ನಿನ ತಲೆಗೆ ಕಟ್ಟಬಾರದು. ನಾಲ್ಕನೇ ಗೇರಿನಲ್ಲಿ 1,000 ಆರ್‌ಪಿಎಂ ಇಟ್ಟುಕೊಂಡು ಪೂರ್ತಿ ಒತ್ತಿದರೆ ಯಾವ ಎಂಜಿನ್ ಆದರೂ ನಡುಗುತ್ತದೆ. ಪೆಟ್ರೋಲನ್ನು ಸಿಲಿಂಡರಿನೊಳಗೇ ಚಿಮ್ಮಿಸುವ ಟರ್ಬೊ ಎಂಜಿನ್ನುಗಳಿಗೆ ಇದು ಅಪಾಯವೂ ಹೌದು. ಕಿಡಿ ಬೀಳುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನಿಗೆ ಪೆಟ್ಟು ಬೀಳಬಹುದು. ಇದನ್ನು ತಡೆಯುವ ಗುಣದ ಪರೀಕ್ಷೆಯನ್ನು ಎಪಿಐ ಎಸ್‌ಎನ್ ಪ್ಲಸ್, ಎಸ್‌ಪಿ ದರ್ಜೆಯ ಎಂಜಿನ್ ಆಯಿಲ್‌ಗಳಿಗೆ ಸೇರಿಸಿದ್ದು ಇದೇ ಕಾರಣಕ್ಕೆ. ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಕಾರುಗಳಲ್ಲಿ ನಿಂತಲ್ಲಿಂದ ಹೊರಡುವಾಗ ಬರುವ ತಡೆ ಎಷ್ಟೋ ಸಲ ಗೇರ್‌ಬಾಕ್ಸಿನದ್ದು. ಗೇರನ್ನು ಕೈಯಿಂದ ಆರಿಸುವ ಸ್ಥಿತಿಗೆ ತಂದು, ಒಂದೇ ಗೇರಿನಲ್ಲಿ ಹಿಡಿದು ಓಡಿಸಿದರೆ ತಪ್ಪು ಯಾರದೆಂದು ಬಹುಮಟ್ಟಿಗೆ ತಿಳಿಯುತ್ತದೆ.

ಕಡಿಮೆ ಆರ್‌ಪಿಎಂನಲ್ಲೇ ಏಕೆ

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಸುತ್ತಿಗೊಮ್ಮೆ ಸರದಿ. 1,200 ಆರ್‌ಪಿಎಂನಲ್ಲಿ ಆ ಸರದಿ ಬರುವುದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೊಮ್ಮೆ. 6,000ದಲ್ಲಿ ಐವತ್ತನೇ ಒಂದು ಭಾಗಕ್ಕೊಮ್ಮೆ. ಮೇಲಿನ ವೇಗದಲ್ಲಿ ಒಂದು ಸರದಿ ತಪ್ಪಿದರೆ ಉಳಿದವು ಮುಚ್ಚಿಹಾಕುತ್ತವೆ. ಕೆಳಗೆ ತಪ್ಪಿದರೆ ಅದು ಸೀಟಿಗೇ ತಟ್ಟುತ್ತದೆ. ಮೂರು ಸಿಲಿಂಡರಿನ ಕಾರಿನಲ್ಲಿ ಇನ್ನಷ್ಟು.

ಎರಡನೆಯ ಕಾರಣ ಪ್ರಮಾಣದ ಲೆಕ್ಕ. 1 ಲೀಟರ್ ಟರ್ಬೊ ಎಂಜಿನ್ ಸುಮ್ಮನೆ ನಿಂತು ತಿರುಗುವಾಗ, ಅಂದರೆ ಐಡ್ಲಿಂಗ್‌ನಲ್ಲಿ, ಸೆಕೆಂಡಿಗೆ ಸುಮಾರು 2 ಗ್ರಾಂ ಗಾಳಿ ಎಳೆಯುತ್ತದೆ. ಪೂರ್ತಿ ಒತ್ತಿ 110 ಅಶ್ವಶಕ್ತಿ ಕೊಡುವಾಗ 80 ಗ್ರಾಂಗೂ ಹೆಚ್ಚು ಬೇಕು. ಎಲ್ಲೋ ಒಂದು ಪೈಪು ಸೀಳಿ ಸೆಕೆಂಡಿಗೆ 0.3 ಗ್ರಾಂ ಕಳ್ಳಗಾಳಿ ಒಳಗೆ ನುಸುಳಿತು ಎನ್ನೋಣ. ಐಡ್ಲಿಂಗ್‌ನಲ್ಲಿರುವ ಎಂಜಿನ್ನಿಗೆ ಅದು ಶೇ 15ರಷ್ಟು ತಪ್ಪು. ಓಡುವ ಎಂಜಿನ್ನಿಗೆ ಶೇ ಅರ್ಧವೂ ಅಲ್ಲ. ಮೇಲೆ ಸರಾಗವಾಗಿ ಓಡುವ ಕಾರು ಕೆಳಗೆ ಏಕೆ ತೊದಲುತ್ತದೆ ಎಂಬ ಪ್ರಶ್ನೆಗೆ ಉತ್ತರದ ಬಹುಪಾಲು ಇಲ್ಲೇ ಇದೆ.

ಮೂರನೆಯದು ಬದಲಾವಣೆಯ ಗಳಿಗೆ. ಎಕ್ಸಲರೇಟರ್ ಒತ್ತಿದ ಕೂಡಲೇ ಗಾಳಿ ಒಳನುಗ್ಗುತ್ತದೆ. ಪೆಟ್ರೋಲ್ ಅಷ್ಟು ಚುರುಕಲ್ಲ. ಒಳಹಾದಿಯಲ್ಲೇ ಪೆಟ್ರೋಲ್ ಚಿಮ್ಮಿಸುವ ಎಂಜಿನ್ನಿನಲ್ಲಿ ಅದರ ಒಂದಂಶ ಅಲ್ಲಿನ ಗೋಡೆಗೆ ಹನಿಯಾಗಿ ಅಂಟಿ ನಿಧಾನವಾಗಿ ಆವಿಯಾಗುತ್ತದೆ. ಆ ಕೊರತೆ ತುಂಬಲು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಒಂದು ಗುಟುಕು ಹೆಚ್ಚು ಪೆಟ್ರೋಲ್ ಬಿಡಬೇಕು. ಹಳೆಯ ಕಾರ್ಬುರೇಟರಿನಲ್ಲಿ ಈ ಕೆಲಸಕ್ಕೆ ಒಂದು ಪುಟ್ಟ ಪಂಪೇ ಇತ್ತು. ಎಷ್ಟು ಹೆಚ್ಚು ಬಿಡಬೇಕೆಂದು ಇಸಿಯು ತೀರ್ಮಾನಿಸುವುದು ಸೆನ್ಸರುಗಳ ಮಾತು ಕೇಳಿ. ಒಂದು ಸೆನ್ಸರ್ ತಡವಾಗಿ ಹೇಳಿದರೂ, ತಪ್ಪಾಗಿ ಹೇಳಿದರೂ ಆ ಗುಟುಕು ತಪ್ಪುತ್ತದೆ.

ಗಾಳಿಯ ದಾರಿ

ಹುಡುಕಾಟ ಗಾಳಿಯಿಂದ ಶುರುವಾಗುವುದು ಒಳ್ಳೆಯದು. ಹೆಚ್ಚಿನ ದೋಷಗಳು ಇಲ್ಲೇ ಸಿಗುತ್ತವೆ, ಪರೀಕ್ಷೆಯೂ ಅಗ್ಗ.

ಮೊದಲು ಏರ್ ಫಿಲ್ಟರ್. ಕಪ್ಪು ಮಣ್ಣಿನ ನುಣ್ಣನೆಯ ಧೂಳು, ಕಬ್ಬಿನ ರವದಿಯ ಚೂರು, ಹೊಲದ ದಾರಿಯ ಓಡಾಟ ಸೇರಿದರೆ ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರ್ ಲೆಕ್ಕ ಈ ಸೀಮೆಗೆ ಹೊಂದುವುದಿಲ್ಲ. ಆದರೆ ಕಟ್ಟಿದ ಫಿಲ್ಟರ್ ಸಾಮಾನ್ಯವಾಗಿ ಮೇಲಿನ ವೇಗದ ಶಕ್ತಿಯನ್ನು ತಿನ್ನುತ್ತದೆ, ಕೆಳಗಿನ ತಡವರಿಕೆಗೆ ಅದೊಂದೇ ಕಾರಣವಾಗುವುದು ಅಪರೂಪ. ಫಿಲ್ಟರ್ ಬದಲಿಸಿಯೂ ಗುಣವಾಗಲಿಲ್ಲವೆಂದರೆ ಅಚ್ಚರಿ ಬೇಡ.

ಫಿಲ್ಟರಿನ ಆಚೆ ಕೆಲವು ಕಾರುಗಳಲ್ಲಿ ಗಾಳಿಯ ತೂಕ ಅಳೆಯುವ ಸೆನ್ಸರ್ ಇದೆ. ಬಿಸಿಯಾದ ಸಣ್ಣ ತಂತಿಯೊಂದನ್ನು ಹಾಯುವ ಗಾಳಿ ಎಷ್ಟು ತಂಪಾಗಿಸುತ್ತದೆ ಎಂಬುದರ ಮೇಲೆ ಅದು ಲೆಕ್ಕ ಹಾಕುತ್ತದೆ. ತಂತಿಗೆ ಧೂಳು ಮೆತ್ತಿದರೆ ಬಂದ ಗಾಳಿಗಿಂತ ಕಡಿಮೆ ಬಂತೆಂದು ಹೇಳುತ್ತದೆ, ಪೆಟ್ರೋಲೂ ಕಡಿಮೆ ಬೀಳುತ್ತದೆ. ಇದನ್ನು ಅದಕ್ಕೆಂದೇ ಮಾರುವ ಸ್ಪ್ರೇಯಿಂದ ತೊಳೆಯಬೇಕು. ಬಟ್ಟೆ, ಬ್ರಷ್ ತಾಗಿದರೆ ತಂತಿ ಹೋಯಿತು. ಇನ್ನು ಹಲವು ಕಾರುಗಳಲ್ಲಿ ತೂಕದ ಬದಲು ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅದನ್ನು ಪರೀಕ್ಷಿಸಲು ಈ ಊರುಗಳಲ್ಲಿ ಒಂದು ಸುಲಭದ ದಾರಿ ಉಂಟು. ಗೋಕಾಕ, ಹುಕ್ಕೇರಿಗಳು ಸಮುದ್ರಮಟ್ಟದಿಂದ ಸುಮಾರು 550ರಿಂದ 650 ಮೀಟರ್ ಎತ್ತರದಲ್ಲಿವೆ. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿದಾಗ ಇಸಿಯುವಿನ ಅಂಕಿಗಳನ್ನು ಓದುವ ಸ್ಕ್ಯಾನರಿನಲ್ಲಿ ಗಾಳಿಯ ಒತ್ತಡ 94–95 ಕಿಲೊಪಾಸ್ಕಲ್ ಆಸುಪಾಸು ಕಾಣಬೇಕು. 101 ಎಂದು ತೋರಿಸಿದರೆ ಕಾರು ಗೋಕಾಕದಲ್ಲಿದ್ದರೂ ಸೆನ್ಸರ್ ಕಾರವಾರದಲ್ಲಿದೆ ಎಂದಂತೆ.

ಅದರ ಮುಂದಿನದು ಥ್ರಾಟಲ್ ಬಾಡಿ. ಈಗಿನ ಕಾರುಗಳಲ್ಲಿ ಪೆಡಲಿನಿಂದ ಎಂಜಿನ್ನಿಗೆ ಕೇಬಲ್ ಇಲ್ಲ. ಪೆಡಲಿನ ಸೆನ್ಸರ್ ಇಸಿಯುಗೆ ಹೇಳುತ್ತದೆ, ಇಸಿಯು ಒಂದು ಪುಟ್ಟ ಮೋಟಾರಿನ ಮೂಲಕ ಗಾಳಿಯ ಬಾಗಿಲು ತೆರೆಯುತ್ತದೆ. ಎಂಜಿನ್ನಿನ ಎಣ್ಣೆ ಆವಿ ಆ ಬಾಗಿಲಿನ ಅಂಚಿಗೆ ಕಪ್ಪು ಮೇಣದಂತೆ ಕಟ್ಟುತ್ತದೆ. ಬಾಗಿಲು ಅಗಲ ತೆರೆದಾಗ ಇದರಿಂದ ತೊಂದರೆಯಿಲ್ಲ. ಕೂದಲೆಳೆಯಷ್ಟು ತೆರೆಯುವಾಗ ಆ ಮೇಣವೇ ಅರ್ಧ ದಾರಿ ಮುಚ್ಚುತ್ತದೆ. ತೊಳೆದ ಮೇಲೆ ಇಸಿಯುಗೆ ಬಾಗಿಲಿನ ಹೊಸ ಅಳತೆ ಕಲಿಸಬೇಕು. ಈ ಹೆಜ್ಜೆ ಬಿಟ್ಟರೆ ಐಡ್ಲಿಂಗ್ ಏರುಪೇರಾಗಿ, ತೊಳೆದದ್ದೇ ತಪ್ಪಾಯಿತು ಅನ್ನಿಸುತ್ತದೆ. ಕೀ ತಿರುಗಿಸಿಟ್ಟು ಬಾಗಿಲನ್ನು ಬೆರಳಿನಿಂದ ತಳ್ಳುವುದೂ ಸಲ್ಲದು, ಒಳಗಿನ ಹಲ್ಲುಚಕ್ರ ಮುರಿಯಬಹುದು.

ಪೆಡಲಿನ ಸೆನ್ಸರಿನದ್ದೇ ಇನ್ನೊಂದು ಕಥೆ. ಅದರೊಳಗೆ ಎರಡು ಅಳತೆಯ ಸಾಲುಗಳಿದ್ದು, ಒಂದು ಹೇಳಿದ್ದಕ್ಕೆ ಇನ್ನೊಂದು ಸಾಕ್ಷಿ. ಉಜ್ಜುವ ಮಾದರಿಯ ಹಳೆಯ ಸೆನ್ಸರುಗಳಲ್ಲಿ ಹೆಚ್ಚು ಸವೆಯುವುದು ಆರಂಭದ ಭಾಗ, ಏಕೆಂದರೆ ಪೇಟೆಯಲ್ಲಿ ಕಾಲು ಸದಾ ಅಲ್ಲೇ ಆಡುತ್ತಿರುತ್ತದೆ. ಎಂಜಿನ್ ನಿಲ್ಲಿಸಿ, ಕೀ ತಿರುಗಿಸಿ, ಪೆಡಲನ್ನು ಬಹಳ ನಿಧಾನವಾಗಿ ಒತ್ತುತ್ತ ಸ್ಕ್ಯಾನರಿನ ಅಂಕಿ ನೋಡಬೇಕು. ಅದು ಒಂದೇ ಸಮನೆ ಏರಬೇಕು. ಎಲ್ಲಾದರೂ ನಿಂತು ಜಿಗಿದರೆ ಕಳ್ಳ ಸಿಕ್ಕಿಬಿದ್ದ.

ಕಳ್ಳಗಾಳಿ

ಥ್ರಾಟಲ್ ಬಾಡಿಯ ಆಚೆಗಿನ ಸೋರಿಕೆಯೇ ಈ ದೋಷಗಳಲ್ಲಿ ಅತಿ ಹೆಚ್ಚು ಕಾಡುವುದು. ಬ್ರೇಕ್ ಬೂಸ್ಟರಿನ ಪೈಪು, ಎಂಜಿನ್ನಿನ ಹೊಗೆ ಮರಳಿಸುವ ಪಿಸಿವಿ ವಾಲ್ವ್, ಇಂಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಎಲ್ಲೇ ಸೀಳಿದರೂ ಗಾಳಿ ಲೆಕ್ಕಕ್ಕೆ ಸಿಗದೆ ಒಳಬರುತ್ತದೆ. ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ಹೊಲದ ಅಂಚಿನಲ್ಲಿ ನಿಲ್ಲಿಸಿದ ಕಾರಿನ ಪೈಪು, ವೈರನ್ನು ಇಲಿ ಕಡಿದಿರುವುದೂ ಉಂಟು.

ಟರ್ಬೊ ಕಾರಿನಲ್ಲಿ ಎರಡು ಬಗೆಯ ಸೋರಿಕೆ ಇದೆ. ಥ್ರಾಟಲ್ಲಿನ ಆಚೆಗಿನದು ಐಡ್ಲಿಂಗ್‌ನಲ್ಲಿ ಗಾಳಿಯನ್ನು ಒಳಗೆಳೆಯುತ್ತದೆ. ಟರ್ಬೊದಿಂದ ಇಂಟರ್‌ಕೂಲರ್ ದಾಟಿ ಬರುವ ದಪ್ಪ ಪೈಪುಗಳಲ್ಲಿನದು, ಒತ್ತಡ ಏರಿದಾಗ ಗಾಳಿಯನ್ನು ಹೊರಗೆ ಬಿಡುತ್ತದೆ. ‘ಸ್‌ಸ್’ ಎಂಬ ಸದ್ದು, ಜೊತೆಗೆ ಸ್ಕ್ಯಾನರಿನಲ್ಲಿ ಒತ್ತಡ ಸಾಲದೆಂಬ ಪಿ0299 ದೋಷದ ಕೋಡ್. ಪೆಡಲ್ ಬಿಟ್ಟಾಗ ಒತ್ತಡ ಇಳಿಸುವ ಡೈವರ್ಟರ್ ವಾಲ್ವಿನ ಪೊರೆ ಹರಿದಿದ್ದರೂ ಇದೇ ಲಕ್ಷಣ.

ಸೋರಿಕೆ ಹುಡುಕಲು ಸರಿಯಾದ ಸಾಧನ ಹೊಗೆ ಯಂತ್ರ. ಒಳಹಾದಿಗೆ ಹೊಗೆ ತುಂಬಿದರೆ ಬಿರುಕಿನಿಂದ ಅದು ಎಳೆಎಳೆಯಾಗಿ ಹೊರಬರುತ್ತದೆ. ಅದಿಲ್ಲದ ಕಡೆ ಪೈಪಿನ ಬಾಯಿ ಮುಚ್ಚಿ ಸ್ವಲ್ಪವೇ ಗಾಳಿಯೊತ್ತಡ ಕೊಟ್ಟು, ಸೋಪಿನ ನೀರು ಹಚ್ಚಿ, ಪಂಕ್ಚರ್ ಅಂಗಡಿಯವರು ಮಾಡುವಂತೆ ಗುಳ್ಳೆ ನೋಡಬಹುದು. ಓಡುವ ಎಂಜಿನ್ನಿನ ಮೇಲೆ ಕಾರ್ಬುರೇಟರ್ ಕ್ಲೀನರ್ ಚಿಮ್ಮಿಸಿ ಸದ್ದು ಬದಲಾಗುವುದನ್ನು ಕೇಳುವ ಹಳೆಯ ಪದ್ಧತಿಯನ್ನು ಬಿಡುವುದೇ ಸರಿ. ಟರ್ಬೊ ಕೆಂಪಗೆ ಕಾಯುವ ಭಾಗ. ಆ ದ್ರವ ಬೆಂಕಿ ಹಿಡಿಯುವಂಥದು.

ಪೆಟ್ರೋಲ್ ಬಂಕನ್ನು ದೂರುವ ಮೊದಲು ಒಂದು ಲಕ್ಷಣ ನೆನಪಿಡಬೇಕು: ಟ್ಯಾಂಕ್ ತುಂಬಿಸಿದ ಮರುಗಳಿಗೆಯಲ್ಲೇ ಕಾರು ತೊದಲಿದರೆ ಮೊದಲು ಅನುಮಾನಿಸಬೇಕಾದ್ದು ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಕಳುಹಿಸುವ ಪರ್ಜ್ ವಾಲ್ವನ್ನು. ಅದು ತೆರೆದೇ ಉಳಿದಿದ್ದರೆ ತುಂಬಿದ ಟ್ಯಾಂಕಿನ ಆವಿಯೆಲ್ಲ ಒಮ್ಮೆಗೇ ಒಳನುಗ್ಗುತ್ತದೆ. ಬೈಗುಳ ಮಾತ್ರ ಬಂಕಿಗೆ ಹೋಗುತ್ತದೆ.

ಕಬ್ಬು ಟ್ಯಾಂಕಿಗೆ ಬಂದ ಮೇಲೆ

ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ಸೇರಿ ಈ ಮೂರು ತಾಲ್ಲೂಕುಗಳ ಕಾರ್ಖಾನೆಗಳತ್ತ ಹಂಗಾಮಿನುದ್ದಕ್ಕೂ ಕಬ್ಬಿನ ಸಾಲು ಹೊರಡುತ್ತದೆ. ಕಬ್ಬಿನ ಹಾಲಿನಿಂದ, ಕಾಕಂಬಿಯಿಂದ ತಯಾರಾದ ಎಥೆನಾಲ್ ಈಗ ಕಾರಿನ ಟ್ಯಾಂಕಿಗೂ ಬಂದಿದೆ. ಪೆಟ್ರೋಲಿಗೆ ಶೇ 10ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2022ರ ಜೂನ್‌ನಲ್ಲಿ ಮುಟ್ಟಿತು. ಶೇ 20ರ ಮಿಶ್ರಣ, ಅಂದರೆ ಇ20, ಬೆಂಗಳೂರಿನಲ್ಲಿ 2023ರ ಫೆಬ್ರುವರಿ 6ರಂದು ಬಿಡುಗಡೆಯಾಯಿತು. 2025ರ ಹೊತ್ತಿಗೆ ಅದೇ ಸಾಮಾನ್ಯ ಪೆಟ್ರೋಲ್ ಆಯಿತು.

ತಡವರಿಕೆಗೂ ಇದಕ್ಕೂ ಸಂಬಂಧವಿದೆಯೇ? ಇದೆ, ಆದರೆ ಜನ ಹೇಳುವಷ್ಟಿಲ್ಲ. 1 ಕಿಲೋ ಶುದ್ಧ ಪೆಟ್ರೋಲ್ ಸುಡಲು 14.7 ಕಿಲೋ ಗಾಳಿ ಬೇಕು. 1 ಕಿಲೋ ಎಥೆನಾಲಿಗೆ 9 ಕಿಲೋ ಸಾಕು. ಹೀಗಾಗಿ ಇ20ರ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಅಷ್ಟೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಶೇ 8–9ರಷ್ಟು, ಶೇ 10ರ ಮಿಶ್ರಣಕ್ಕಿಂತ ಶೇ 4ರಷ್ಟು ಹೆಚ್ಚು ಇಂಧನ ಬಿಡಬೇಕು. ಆಕ್ಸಿಜನ್ ಸೆನ್ಸರ್ ಇರುವ ಕಾರು ಇದನ್ನು ತಾನೇ ಅರಿತು ಸರಿಪಡಿಸಿಕೊಳ್ಳುತ್ತದೆ. ಆದರೆ ಆ ತಿದ್ದುಪಡಿ ನಡೆಯುವುದು ಎಂಜಿನ್ ಸಮನಾಗಿ ಓಡುವಾಗ. ಥಟ್ಟನೆ ಒತ್ತಿದ ಗಳಿಗೆಯಲ್ಲಿ, ತಣ್ಣನೆಯ ಎಂಜಿನ್ನಿನಲ್ಲಿ, ಹಳೆಯ ಲೆಕ್ಕವೇ ನಡೆಯಬಹುದು. ಅಂಚಿನಲ್ಲಿದ್ದ ಹಳೆಯ ಕಾರು ಆಗ ತೊದಲಬಹುದು.

ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಹಿಡಕಲ್ ಜಲಾಶಯದ ಕಡೆಯಿಂದ ತಣ್ಣನೆಯ ಗಾಳಿ ಬೀಸುವ ಡಿಸೆಂಬರಿನ ಬೆಳಿಗ್ಗೆ ಗೋಡೆಗೆ ಅಂಟಿದ ಹನಿ ಇನ್ನೂ ನಿಧಾನವಾಗಿ ಆರುತ್ತದೆ. ಮೊದಲ ಎರಡು ಕಿಲೋಮೀಟರ್ ಮಾತ್ರ ತಡವರಿಸಿ ಆಮೇಲೆ ಸರಿಹೋಗುವ ಹಳೆಯ ಕಾರಿನಲ್ಲಿ ಇದನ್ನು ಒಂದು ಕಾರಣವಾಗಿ ಎಣಿಸಬಹುದು. ಎಥೆನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ, ಅರೆಖಾಲಿ ಟ್ಯಾಂಕಿನ ಕಾರಿನಲ್ಲಿ ನೀರು ಹೆಚ್ಚಿದರೆ ಅದು ಎಥೆನಾಲನ್ನು ಜೊತೆಗೆಳೆದುಕೊಂಡು ತಳಕ್ಕಿಳಿಯುತ್ತದೆ. ಪಂಪು ಹೀರುವುದು ಆ ತಳದಿಂದಲೇ. ವಾರಾಂತ್ಯಕ್ಕೆ ಮಾತ್ರ ಹೊರತೆಗೆಯುವ ಕಾರಿನ ಟ್ಯಾಂಕನ್ನು ತುಂಬಿಟ್ಟುಕೊಳ್ಳುವುದು ಮೇಲು.

ಪಂಪು ಸೋತಿದ್ದರೆ ಲಕ್ಷಣ ಬೇರೆ. ಭಾರ ಹೆಚ್ಚಿದಂತೆ ದೋಷವೂ ಹೆಚ್ಚುತ್ತದೆ. ಯಮಕನಮರಡಿ ಬಳಿ ಹೆದ್ದಾರಿಯ ಏರಿನಲ್ಲಿ ಪೂರ್ತಿ ಒತ್ತಿದಾಗ ಕಾರು ಸೋಲುತ್ತದೆ. ಕೆಳಗೆ ಮಾತ್ರ ತೊದಲಿ ಮೇಲೆ ಚೆನ್ನಾಗಿ ಎಳೆಯುವ ಕಾರಿಗೆ ಪಂಪು ಬದಲಿಸುವುದು ದುಡ್ಡು ಕಳೆದುಕೊಳ್ಳುವ ದಾರಿ.

ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಎಂಜಿನ್ನುಗಳಿಗೆ ಇನ್ನೊಂದು ಕಾಯಿಲೆ ಇದೆ. ಹಳೆಯ ಪದ್ಧತಿಯಲ್ಲಿ ಪೆಟ್ರೋಲ್ ಒಳಗಿನ ವಾಲ್ವುಗಳನ್ನು ತೊಳೆಯುತ್ತ ಇಳಿಯುತ್ತಿತ್ತು. ಈಗ ವಾಲ್ವಿನ ಬೆನ್ನಿಗೆ ಪೆಟ್ರೋಲ್ ತಾಗುವುದೇ ಇಲ್ಲ, ಎಣ್ಣೆ ಆವಿ ಮಾತ್ರ ತಾಗುತ್ತದೆ. ವರ್ಷಗಳಲ್ಲಿ ಅಲ್ಲಿ ಕಾರ್ಬನ್ ಗಡ್ಡೆ ಕಟ್ಟಿ ಗಾಳಿಯ ಹರಿವು ಕೆಡುತ್ತದೆ. ಟ್ಯಾಂಕಿಗೆ ಸುರಿಯುವ ಯಾವ ಕ್ಲೀನರೂ ಇದನ್ನು ಮುಟ್ಟದು, ಏಕೆಂದರೆ ಅದು ಹೋಗುವ ದಾರಿಯೇ ಬೇರೆ. ಮ್ಯಾನಿಫೋಲ್ಡ್ ಬಿಚ್ಚಿ ಕೆರೆದು ತೆಗೆಯಬೇಕು.

ಕಿಡಿ

ಸಿಲಿಂಡರಿನಲ್ಲಿ ಗಾಳಿಯೊತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಸಂದಿಯಲ್ಲಿ ಕಿಡಿ ಹಾರುವುದು ಕಷ್ಟ. ಐಡ್ಲಿಂಗ್‌ನಲ್ಲಿ ಸರಿಯಾಗಿಯೇ ಇರುವ ದುರ್ಬಲ ಕಾಯಿಲ್, ರೇಸ್ ಕೊಟ್ಟು ಒತ್ತಡ ಏರಿದ ಕೂಡಲೇ ಕೈಕೊಡುತ್ತದೆ. ಸವೆದ ಪ್ಲಗ್ಗಿನ ಸಂದಿ ಅಗಲವಾಗಿ ಕಾಯಿಲಿನ ಮೇಲಿನ ಹೊರೆ ಇನ್ನೂ ಹೆಚ್ಚುತ್ತದೆ. ಟರ್ಬೊ ಎಂಜಿನ್ನುಗಳಲ್ಲಿ ಸಂದಿ ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರ್, ಆಯಾ ಕಾರಿನ ಕೈಪಿಡಿಯ ಅಂಕಿಯೇ ಅಂತಿಮ. ಅಂಗಡಿಯಲ್ಲಿ ‘ಇದೂ ಕೂಡ್ತದ್ರಿ’ ಎಂದು ಕೊಡುವ ಬೇರೆ ಪ್ಲಗ್ ಹಾಕಿಸಿಕೊಂಡು ಹೊಸ ದೋಷ ತಂದುಕೊಂಡ ಕಾರುಗಳು ಕಡಿಮೆಯಿಲ್ಲ.

ಇಲ್ಲಿ ಒಂದು ಅಗ್ಗದ ಪರೀಕ್ಷೆ ಉಂಟು. ಸ್ಕ್ಯಾನರ್ ಎರಡನೇ ಸಿಲಿಂಡರ್ ತಪ್ಪುತ್ತಿದೆ ಎಂದು ಪಿ0302 ಕೋಡ್ ಕೊಟ್ಟರೆ, ಎಂಜಿನ್ ನಿಲ್ಲಿಸಿ ಆ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ, ಅಲ್ಲಿಯದನ್ನು ಇಲ್ಲಿಗೆ ಹಾಕಿ ಓಡಿಸಬೇಕು. ಕೋಡ್ ಪಿ0303 ಆದರೆ ಕಾಯಿಲ್ ತಪ್ಪಿತಸ್ಥ. ಬದಲಾಗದಿದ್ದರೆ ಪ್ಲಗ್ಗನ್ನೂ ಹೀಗೇ ಅದಲುಬದಲು ಮಾಡಿ ನೋಡಬೇಕು. ಒಂದು ರೂಪಾಯಿಯ ಭಾಗ ಕೊಳ್ಳದೆ ಉತ್ತರ ಸಿಗುತ್ತದೆ.

ಸ್ಕ್ಯಾನರ್ ಓದುವ ಬಗೆ

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್‌6 ಕಾರುಗಳಷ್ಟೇ ಮಾರಾಟವಾಗುತ್ತಿವೆ. 2023ರ ಏಪ್ರಿಲ್‌ನಿಂದ ಅದರ ಎರಡನೇ ಹಂತ ಜಾರಿಯಲ್ಲಿದೆ. ಈ ಕಾರುಗಳೆಲ್ಲ ತಮ್ಮ ದೋಷದ ದಾಖಲೆಯನ್ನು ತಾವೇ ಇಟ್ಟುಕೊಳ್ಳುತ್ತವೆ. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ಓದುವ ಸಣ್ಣ ಸಾಧನಗಳು ಈಗ ಅಗ್ಗ. ಬೆಳಗಾವಿಗೋ ಕೊಲ್ಹಾಪುರಕ್ಕೋ ಕಾರು ಒಯ್ಯುವ ಮೊದಲು ಅರ್ಧ ಕೆಲಸ ಊರಲ್ಲೇ ಮುಗಿಯಬಹುದು.

ಆದರೆ ಕೋಡ್ ಹೇಳುವುದು ದೂರನ್ನು, ತೀರ್ಪನ್ನಲ್ಲ. ಪಿ0171 ಎಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂದಷ್ಟೇ. ಅದನ್ನು ವರದಿ ಮಾಡಿದ ಆಕ್ಸಿಜನ್ ಸೆನ್ಸರನ್ನೇ ಬದಲಿಸುವುದು, ಕಳ್ಳತನದ ಸುದ್ದಿ ತಂದವನನ್ನೇ ಹಿಡಿದು ಕೂರಿಸಿದ ಹಾಗೆ.

ನಿಜವಾಗಿ ನೋಡಬೇಕಾದ್ದು ಫ್ಯೂಯೆಲ್ ಟ್ರಿಮ್ ಎಂಬ ಅಂಕಿ. ತನ್ನ ಮೂಲ ಲೆಕ್ಕಕ್ಕೆ ಇಸಿಯು ಎಷ್ಟು ಪೆಟ್ರೋಲ್ ಕೂಡಿಸುತ್ತಿದೆ, ಎಷ್ಟು ಕಳೆಯುತ್ತಿದೆ ಎಂಬುದನ್ನು ಅದು ಶೇಕಡದಲ್ಲಿ ತೋರಿಸುತ್ತದೆ. ಆ ಗಳಿಗೆಯ ತಿದ್ದುಪಡಿ ಒಂದು, ಕಲಿತಿಟ್ಟ ತಿದ್ದುಪಡಿ ಇನ್ನೊಂದು. ಎರಡನ್ನೂ ಕೂಡಿಸಿ ಓದಬೇಕು. ಬಿಸಿಯಾದ ಎಂಜಿನ್ನನ್ನು ಮೊದಲು ಐಡ್ಲಿಂಗ್‌ನಲ್ಲಿ, ಆಮೇಲೆ 2,500 ಆರ್‌ಪಿಎಂನಲ್ಲಿ ಹಿಡಿದು ನೋಡುವುದು ರೂಢಿ. ಕೆಳಗೆ ಶೇ 20 ಕೂಡಿಸುತ್ತಿದ್ದು ಮೇಲೆ ಶೇ 4ಕ್ಕೆ ಇಳಿದರೆ ಕಳ್ಳಗಾಳಿ. ಕೆಳಗೆ ಸರಿಯಿದ್ದು ಭಾರ ಹೆಚ್ಚಿದಂತೆ ಏರಿದರೆ ಪಂಪು ಇಲ್ಲವೇ ಮಲಿನವಾದ ಗಾಳಿ ಸೆನ್ಸರ್. ಕಳೆಯುವ ಕಡೆಗೆ ಹೋಗಿದ್ದರೆ ಸೋರುವ ಇಂಜೆಕ್ಟರ್ ಇಲ್ಲವೇ ಪರ್ಜ್ ವಾಲ್ವ್. ಒತ್ತಡದ ಸೆನ್ಸರ್ ಮಾತ್ರ ಇರುವ ಕಾರುಗಳಿಗೆ ಈ ಸೂತ್ರ ಪೂರ್ತಿ ಹೊಂದುವುದಿಲ್ಲ. ನುಸುಳಿದ ಗಾಳಿಯ ಒತ್ತಡವನ್ನೂ ಅವು ಅಳೆದುಬಿಡುವುದರಿಂದ ಸೋರಿಕೆ ಕಾಣುವುದು ಏರಿದ ಐಡ್ಲಿಂಗ್ ರೂಪದಲ್ಲಿ. ಸಾಮಾನ್ಯವಾಗಿ ಶೇ 5ರಷ್ಟು ಆಚೀಚೆ ಇದ್ದರೆ ಚಿಂತೆಯಿಲ್ಲ. ಹಳೆಯ ಲೆಕ್ಕದ ಕಾರಿಗೆ ಇ20 ತುಂಬಿದ್ದರೆ ಎಲ್ಲ ವೇಗದಲ್ಲೂ ಒಂದೇ ಸಮನಾಗಿ ಶೇ 4ರಿಂದ 9ರಷ್ಟು ಹೆಚ್ಚು ಕಾಣುವುದು ಇಂಧನದ ಗುಣ. ಅದನ್ನು ದೋಷವೆಂದು ಓದಿ ಭಾಗ ಬಿಚ್ಚಬಾರದು.

ಮಾರ್ಪಡಿಸಿದ ಕಾರುಗಳು

ವೇಗದ ಕಾರು ಕೊಂಡವರಿಗೆ ಅದನ್ನು ಇನ್ನಷ್ಟು ವೇಗವಾಗಿಸುವ ಆಸೆ ಸಹಜ. ತಡವರಿಕೆಯ ಬಲವಾದ ಮೂಲವೂ ಅದೇ. ಎಣ್ಣೆ ಹಚ್ಚಿದ ಕೋನ್ ಫಿಲ್ಟರಿನ ಎಣ್ಣೆ ಗಾಳಿ ಸೆನ್ಸರಿನ ತಂತಿಗೆ ಅಂಟುತ್ತದೆ. ‘ಸುಂಯ್’ ಎಂದು ಸದ್ದು ಮಾಡಿ ಗಾಳಿಯನ್ನು ಹೊರಗೆ ಬಿಡುವ ವಾಲ್ವ್ ಹಾಕಿದರೆ, ಸೆನ್ಸರ್ ಆಗಲೇ ಎಣಿಸಿದ ಗಾಳಿ ಹೊರಹೋಗಿ, ಅದಕ್ಕೆಂದು ಬಿದ್ದ ಪೆಟ್ರೋಲ್ ಹೆಚ್ಚಾಗಿ ಗೇರ್ ಬದಲಿಸುವಾಗ ಕಾರು ಮುಗ್ಗರಿಸುತ್ತದೆ. ಇಸಿಯುವಿನ ಲೆಕ್ಕವನ್ನೇ ತಿದ್ದುವ ರೀಮ್ಯಾಪ್ ಮಾಡುವವರು ಹೆಚ್ಚಾಗಿ ಗಮನ ಕೊಡುವುದು ಪೂರ್ತಿ ಒತ್ತಿದಾಗಿನ ಶಕ್ತಿಗೆ. 1,200ರಿಂದ 1,800ರ ನಡುವಿನ ನಯವಾದ ಲೆಕ್ಕ ಕಾರ್ಖಾನೆಯವರು ಬಹುಕಾಲ ಕೂತು ಬರೆದದ್ದು. ಅದು ಒಮ್ಮೆ ಕೆಟ್ಟರೆ ಯಾವ ಭಾಗ ಬದಲಿಸಿದರೂ ಸರಿಹೋಗುವುದಿಲ್ಲ. ವಾಹನ ತಯಾರಕರ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ ಎಂಬುದನ್ನೂ ಮರೆಯಬಾರದು. ಇಂಥ ಕಾರಿನಲ್ಲಿ ದೋಷ ಹುಡುಕುವ ಮೊದಲ ಹೆಜ್ಜೆ, ಸಾಧ್ಯವಾದಷ್ಟನ್ನು ಮೂಲ ಸ್ಥಿತಿಗೆ ತಂದು ಓಡಿಸುವುದು.

ಗ್ಯಾರೇಜಿಗೆ ಹೋಗುವ ಮೊದಲು

ಮಿಸ್ತ್ರಿಗೆ ಬೇಕಾದ್ದು ಕಾರಿಗಿಂತ ಮೊದಲು ಮಾಹಿತಿ. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಯಾವ ಗೇರಿನಲ್ಲಿ, ಎಷ್ಟು ಆರ್‌ಪಿಎಂನಲ್ಲಿ, ಎಸಿ ಹಾಕಿದಾಗಲೋ ಆರಿಸಿದಾಗಲೋ, ಪೆಟ್ರೋಲ್ ತುಂಬಿಸಿದ ಮೇಲೋ, ಮಳೆಯಲ್ಲೋ, ಕೊನೆಯ ಸರ್ವಿಸಿನ ನಂತರವೋ ಎಂಬುದನ್ನು ಒಂದು ವಾರ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ಸರ್ವಿಸ್ ಮಾಡಿಸಿದ ಮರುದಿನವೇ ಶುರುವಾದ ತಡವರಿಕೆ ಎಷ್ಟೋ ಸಲ ಸರಿಯಾಗಿ ಕೂರದ ಒಂದು ಪೈಪು, ಅರ್ಧ ಸಿಕ್ಕಿಸಿದ ಒಂದು ವೈರಿನ ಪ್ಲಗ್ಗಿನದ್ದಾಗಿರುತ್ತದೆ. ಕೋಡುಗಳನ್ನು ಓದಿ ಬರೆದುಕೊಳ್ಳುವ ಮೊದಲು ಅಳಿಸಬಾರದು. ಬ್ಯಾಟರಿ ವೈರು ಬಿಚ್ಚಿ ಜೋಡಿಸುವುದೂ ಬೇಡ. ಆ ಕ್ಷಣಕ್ಕೆ ಸರಿಯಾದಂತೆ ಕಂಡರೂ ಕಾರು ಕಲಿತಿಟ್ಟ ಸಾಕ್ಷ್ಯವೆಲ್ಲ ಹೋಗಿರುತ್ತದೆ.

ದುರಸ್ತಿಯಾದ ಮೇಲೆ ಗ್ಯಾರೇಜಿನ ಮುಂದೆ ಎರಡು ಸಲ ರೇಸ್ ಕೊಟ್ಟು ನೋಡಿದರೆ ಪರೀಕ್ಷೆ ಮುಗಿಯುವುದಿಲ್ಲ. ಭಾರವಿಲ್ಲದ ಎಂಜಿನ್ ಕೆಟ್ಟಿದ್ದರೂ ಸರಾಗವಾಗಿ ಏರುತ್ತದೆ. ದೋಷ ಕಂಡ ಅದೇ ಹೊತ್ತಿನಲ್ಲಿ, ಅದೇ ಗೇರಿನಲ್ಲಿ, ಖಾಲಿ ರಸ್ತೆಯಲ್ಲಿ ಮೂರು ನಾಲ್ಕು ದಿನ ಓಡಿಸಿ, ಟ್ರಿಮ್ ಅಂಕಿ ತನ್ನ ಜಾಗಕ್ಕೆ ಮರಳಿದ್ದನ್ನು ನೋಡಿದ ಮೇಲಷ್ಟೇ ಕೆಲಸ ಆಯಿತೆನ್ನಬಹುದು.

ಅಲ್ಲಿಯವರೆಗೆ ಕಬ್ಬಿನ ಟ್ರ್ಯಾಕ್ಟರನ್ನು ಹಿಂದಿಕ್ಕುವಾಗ ಒಂದು ಗೇರು ಇಳಿಸಿ, ಆರ್‌ಪಿಎಂ 2,000 ದಾಟಿದ ಮೇಲೆಯೇ ಬಲಕ್ಕೆ ಹೊರಳಿರಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರು ಬರುವ ಬಸ್ಸು, ನಿಮ್ಮ ಕಾರು ತಡವರಿಸುವ ಆ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಹತ್ತಿರ ಬಂದಿರುತ್ತದೆ.